ಬಾಗುವ ಪದ್ಯ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮಾಸೂರಿನ ನಮ್ಮ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಆದರೆ ಮೂರನೆಯ ತರಗತಿಯ ಸಂಘಮಿತ್ರಾ ಓದಲು ಎದ್ದು ನಿಂತರೆ ನನಗೆ ಸಿಟ್ಟಲ್ಲ, ಸಂಕಟವಾಗುತ್ತಿತ್ತು. ಹುಡುಗಿಯ ದನಿ ಗಂಟಲಲ್ಲೇ ಇಂಗಿಹೋಗುತ್ತಿತ್ತು. ಬೈದೆ, ಮುದ್ದು ಮಾಡಿದೆ, ಊಹ್ಞೂಂ, ಏನೂ ನಡೆಯಲಿಲ್ಲ. ಕೊನೆಗೆ ಪದ್ಯದ ಓದಿಗೆ ಯೋಗಾಸನ ಸೇರಿಸಿ ನೋಡಿದೆ. ಸಾಲಿಗೊಂದು ಚಲನೆ, ಚಲನೆಗೊಂದು ಉಸಿರು. ಮೈ ಆಡಿದಂತೆ ಅವಳ ನಾಲಿಗೆಯೂ ಆಡತೊಡಗಿತು! ಮದಗದ ಕೆರೆಯ ನೀರು ಹರಿದು ಗದ್ದೆಗಳಲ್ಲಿ ಭತ್ತದ ನಾಟಿ ಶುರುವಾದಾಗ, ಬಾಗಿ ಪಾದ ಮುಟ್ಟುವ ಪಾದಹಸ್ತಾಸನಕ್ಕೆ ಹೊಂದುವಂತೆ ನಾನೇ ಒಂದು ಪದ್ಯ ಕಟ್ಟಿದೆ.

ಕಾಲಲಿ ಕೆಸರು, ಕೈಯಲಿ ಸಸಿಯು
ಬಾಗೋಣ ಬನ್ನಿ, ಬಾಗೋಣ
ಹಿಂದಕೆ ಹೆಜ್ಜೆ, ಮುಂದಕೆ ಹಸಿರು
ಬಾಗೋಣ ಬನ್ನಿ, ಬಾಗೋಣ

ಸಂಘಮಿತ್ರಾ ಅದನ್ನು ಪಕ್ಕದ ತರಗತಿಗೂ ಕೇಳುವಂತೆ ಓದಿದಳು. ನಾನು ಉಬ್ಬಿಹೋದೆ.

ಸೋಮವಾರ ಅವಳ ಅವ್ವ ಗುತ್ತೆವ್ವ ಬಂದಳು. ಕಾಲಿಗೆ ಗದ್ದೆಯ ಕೆಸರು ಹಾಗೇ ಇತ್ತು. ನೇರ ತರಗತಿಗೆ ನುಗ್ಗಿ ಮಗಳ ಪಾಟೀಚೀಲ ಎತ್ತಿಕೊಂಡಳು.

"ಟಿ.ಸಿ. ಕೊಡ್ರಿ ನಾಗರತ್ನಾ ಅಕ್ಕೋರ. ಹಿರೇಕೆರೂರಾಗ ನಮ್ಮಕ್ಕ ಅದಾಳ, ಈಕಿನ್ನ ಅಲ್ಲೇ ಸಾಲಿಗೆ ಹಚ್ತೇನಿ."

"ಯಾಕ್ರಿ, ಏನಾತು?"

"ನಿನ್ನೆ ಐತವಾರ ಬುತ್ತಿ ತಂದಾಕಿ, ಬದುವಿನ ಮ್ಯಾಲ ನಿಂತು ನಿಮ್ಮ ಪದ್ಯ ಮಾಡಿ ತೋರಿಸಿದ್ಲು. ಗದ್ದಿ ಮಾಲಕರು ನಕ್ಕು ಏನಂದ್ರು ಗೊತ್ತೇನ್ರಿ? 'ಭಪ್ಪರೆ ಗುತ್ತೆವ್ವ, ನಿನ್ನ ಮಗಳೂ ತಯಾರಾದ್ಲಲ್ಲ! ಇನ್ನೆರಡು ವರ್ಷಕ್ಕ ನಾಟಿಗೆ ಕರಕೊಂಡು ಬಾ' ಅಂದ್ರು." ಅವಳು ಚೀಲವನ್ನು ಎದೆಗೆ ಅವುಚಿಕೊಂಡಳು. "ಬಗ್ಗೂದು ನನಗ ಬರ್ತೇತಿ. ನಮ್ಮವ್ವಗೂ ಬರ್ತಿತ್ತು. ಈಕಿ ಅದನ್ನ ಕಲೀಬಾರದಂತನ ಸಾಲಿಗೆ ಕಳಸೇನಿ."

ನನಗೂ ರೇಗಿತು. ಎಷ್ಟು ಕಷ್ಟಪಟ್ಟು ಆ ಹುಡುಗಿಯ ಬಾಯಿ ಬಿಡಿಸಿದ್ದೆ! "ಇದು ಯೋಗ ಐತ್ರಿ ಗುತ್ತೆವ್ವ. ಬಗ್ಗಿದ್ರ ಬೆನ್ನಿಗೆ ಛಲೋ."

"ಹೌದೇನ್ರಿ? ಹಂಗಿದ್ರ ಊರಾಗ ನನ್ನ ಬೆನ್ನೇ ಛಲೋ ಇರಬೇಕಿತ್ತು!"

ಮಕ್ಕಳು ಕಿಸಕ್ಕೆಂದರು. ಹೊಸ ಶಾಲೆಗೆ ಹೋದರೆ ಹುಡುಗಿ ಮತ್ತೆ ಮೂಕಿಯಾಗುತ್ತಾಳೆಂದು ಹೆದರಿಕೆಯಾಯಿತು. "ಟಿ.ಸಿ. ಬರಸ್ತೇನ್ರಿ. ಅದಕ್ಕೂ ಮದ್ಲ ಒಂದ್ಸಲ ಈಕಿ ದನಿ ಕೇಳಿ ಹೋಗ್ರಿ" ಎಂದು ಅಂಗಲಾಚಿದೆ.

ಗುತ್ತೆವ್ವ ಚೀಲ ಕೆಳಗಿಡಲಿಲ್ಲ, ಹೊರಗೂ ಹೋಗಲಿಲ್ಲ. ನಾನು ಸನ್ನೆ ಮಾಡಿದೊಡನೆ ಸಂಘಮಿತ್ರಾಳ ಜೊತೆ ಉಳಿದ ಮಕ್ಕಳೂ ಪದ್ಯ ಓದುತ್ತ ಬಾಗಿದರು. ಕೊನೆಯಲ್ಲಿ ನಾನು ಚಪ್ಪಾಳೆ ತಟ್ಟಿದರೆ ಅವರು ಏಳುವುದು ರೂಢಿ. ಆ ತಾಯಿಯ ಮುಖ ನೋಡುತ್ತ ಚಪ್ಪಾಳೆ ಮರೆತೇಬಿಟ್ಟೆ. ಎಲ್ಲರೂ ಬಾಗಿಯೇ ಇದ್ದರು. ಅಯ್ಯೋ ಶಿವನೇ, ಬಾಗುವುದಕ್ಕೆ ಅಷ್ಟು ಸಾಲು ಬರೆದವಳು ಏಳುವುದಕ್ಕೆ ಒಂದನ್ನೂ ಬರೆದಿರಲಿಲ್ಲ!

ಆಗ ಸಂಘಮಿತ್ರಾಳ ದನಿ ಕೇಳಿಸಿತು. ನಾನು ಹೇಳಿಕೊಟ್ಟ ಸಾಲುಗಳಲ್ಲ ಅವು.

ಬದುವು ಬಂತು, ಏಳೋಣ
ಮುಗಿಲ ನೋಡಿ ನಿಲ್ಲೋಣ

ಹೇಳುತ್ತಲೇ ಮೆಲ್ಲಗೆ ನಡ ಎತ್ತಿದಳು. ಎರಡೂ ಕೈ ಮೇಲೆ ಚಾಚಿ, ಉಸಿರು ತುಂಬಿಕೊಂಡು ನೆಟ್ಟಗೆ ನಿಂತಳು. ಅವಳನ್ನು ನೋಡಿ ಉಳಿದವರೂ ಎದ್ದರು.

"ಇದನ್ಯಾರು ಕಲಿಸಿದ್ರು ನಿನಗ?" ಗುತ್ತೆವ್ವ ಕೇಳಿದಳು.

"ನೀನ ಅವ್ವ. ಬದುವಿಗೆ ಬಂದಾಗೊಮ್ಮೆ ಹಿಂಗ ನಿಂದರ್ತೀಯಲ್ಲ."

ಗುತ್ತೆವ್ವ ಸೆರಗಿನಿಂದ ಕಣ್ಣು, ಮೂಗು ಎರಡೂ ಒರೆಸಿಕೊಂಡಳು. ಪಾಟೀಚೀಲವನ್ನು ಮಗಳ ಜಾಗದಲ್ಲಿಟ್ಟು ಬಂದು ಹೊಸ್ತಿಲ ಬಳಿ ಕುಳಿತಳು. ನನ್ನ ಹೋದ ಜೀವ ಬಂದಂತಾಯಿತು.

"ಇನ್ನೊಂದ್ಸಲ ಮಾಡು" ಎಂದಳು ಮಗಳಿಗೆ. "ಬಗ್ಗಬ್ಯಾಡ. ಏಳೂದಷ್ಟ ಮಾಡು."

"ಬಗ್ಗದ ಹೆಂಗ ಏಳ್ಲಿ ಅವ್ವ?"

ತರಗತಿಯೆಲ್ಲ ಗೊಳ್ಳೆಂದಿತು. ಗುತ್ತೆವ್ವನಿಗೂ ನಗು ತಡೆಯಲಾಗಲಿಲ್ಲ.

"ಹಂಗಾರ ಬಗ್ಗು" ಎಂದಳು. "ಆದ್ರ ಲಗೂನ ಏಳು."