ಮಂಗಟ್ಟೆಯ ಗೂಡಿಗೆ ಕಾವಲು

ಮಳೆಕಾಡನ್ನು ಕಾಯುವ ಹೊಣೆಯನ್ನು ಸರ್ಕಾರ ಊರವರ ಕೈಗೇ ಒಪ್ಪಿಸಿದ ಮೇಲೆ ನಮ್ಮ ಯಜಮಾನರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾಡಿನ ಸಮಿತಿಗೆ ಅಧ್ಯಕ್ಷರಲ್ಲವೇ! ಮನೆಯಲ್ಲಿ ಸೋರುವ ನಲ್ಲಿ ಕಣ್ಣಿಗೆ ಬೀಳದಿದ್ದರೂ ಕಾಡಿನ ಒಂದೊಂದು ಎಲೆಯೂ ಅವರದೇ.

ಈ ಸಲ ದೊಡ್ಡ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡಿತು. ಹೆಣ್ಣು ಒಳಗೆ ಕೂತು, ಪೊಟರೆಯ ಬಾಯಿ ಮೆತ್ತಿ ಮುಚ್ಚಿಕೊಂಡು, ಕೊಕ್ಕು ತೂರುವಷ್ಟೇ ಸೀಳು ಬಿಡುತ್ತದೆ. ಗಂಡು ತಂದುಕೊಟ್ಟ ಹಣ್ಣೇ ತಾಯಿಗೂ ಮರಿಗೂ ಗತಿ. ಇದು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ನಮ್ಮ ಸಮಿತಿ, ಮರಿಗಳ್ಳರು ಬಾರದಿರಲೆಂದು, ಮರದ ಬುಡದಲ್ಲೇ ಗುಡಾರ ಹಾಕಿ ಹಗಲಿಡೀ ಕಾವಲಿಗೆ ಕೂತಿತು. 'ಸದ್ದು ಮಾಡಬೇಡಿ' ಎಂಬ ಬೋರ್ಡನ್ನು ಢಣಢಣ ಬಡಿದು ನಿಲ್ಲಿಸಿದರು. ಅಷ್ಟೂ ಜನಕ್ಕೆ ಊಟ ಹೊರುವ ಕೆಲಸವನ್ನು ಮಾತ್ರ ನನ್ನ ತಲೆಗೆ ಕಟ್ಟಿದರು.

ಊಟ ಕೊಡಲು ಹೋದಾಗ ನೋಡಿದೆ. ಗಂಡು ಹಣ್ಣು ಕಚ್ಚಿಕೊಂಡು ಬಂತು, ಕೆಳಗಿನ ಗುಂಪು ಕಂಡು ಹಿಂದಿರುಗಿತು. ಮರುದಿನವೂ ಅದೇ ಕಥೆ. ಸೀಳಿನಲ್ಲಿ ಕಾಣುತ್ತಿದ್ದ ಕೊಕ್ಕು ಈಗ ಅಲುಗುತ್ತಲೇ ಇರಲಿಲ್ಲ. ನೇರ ಯಜಮಾನರ ಬಳಿಗೇ ಹೋದೆ.

"ರೀ, ನೀವೆಲ್ಲ ಇಲ್ಲೇ ಕೂತ್ರೆ ಗಂಡು ಹೇಗ್ರೀ ಬರುತ್ತೆ? ಒಳಗಿರೋವು ಸತ್ತೇ ಹೋಗ್ತವೆ!"

"ಸುಮ್ನಿರೇ ನೀನು. ಕಾವಲು ಬಿಟ್ರೆ ಮರಿ ಕದ್ದುಬಿಡ್ತಾರೆ. ಬೇಕಿದ್ರೆ ಒಂದು ಮೀಟಿಂಗ್ ಮಾಡೋಣ."

ಮೀಟಿಂಗೂ ಆಯಿತು, ಆ ಮರದ ಕೆಳಗೇ. ಕಾವಲನ್ನು ಇನ್ನಷ್ಟು ಬಿಗಿ ಮಾಡುವುದೆಂದು ತೀರ್ಮಾನವಾಯಿತು.

ಮರುದಿನ ನಾನು ಒಲೆ ಹಚ್ಚಲಿಲ್ಲ. ಮಧ್ಯಾಹ್ನ ಯಜಮಾನರ ಫೋನ್ ಬಂತು. "ಊಟ ಎಲ್ಲೇ? ಎಲ್ರೂ ಹಸ್ಕೊಂಡು ಕೂತಿದೀವಿ!"

"ಮೇಲೊಬ್ಳು ನಿಮಗಿಂತ ಮುಂಚಿನಿಂದ ಹಸ್ಕೊಂಡು ಕೂತಿದಾಳೆ. ಅವಳನ್ನೇ ಕೇಳಿ," ಎಂದು ಫೋನಿಟ್ಟೆ.

ಪ್ರಾಣ ಕೊಟ್ಟಾದರೂ ಕಾಡು ಉಳಿಸುತ್ತೇವೆ ಎಂದಿದ್ದ ಶೂರರು ಒಂದು ಹೊತ್ತಿನ ಊಟ ತಪ್ಪಿದ್ದಕ್ಕೆ ಗುಡಾರ ಬಿಟ್ಟು ಅವರವರ ಮನೆ ಸೇರಿದರು. ನಾನು ಕಾಡಿಗೆ ಹೊರಟೆ. ದಾರಿಯಲ್ಲಿ ಸಿಕ್ಕ ನಮ್ಮ ಯಜಮಾನರು ಬೈಯುತ್ತ ಹಿಂದೆಯೇ ಬಂದರು. ಮರದಿಂದ ದೂರ, ಪೊದೆಯ ಮರೆಯಲ್ಲಿ ಅವರನ್ನು ಕೈಹಿಡಿದೆಳೆದು ಕೂರಿಸಿದೆ.

ಗಂಡು ಬಂತು. ಸೀಳಿಗೆ ಹಣ್ಣು ಒಡ್ಡಿತು. ಒಳಗೆ ಏನೂ ಅಲುಗಲಿಲ್ಲ. ಮತ್ತೆ ಒಡ್ಡಿತು. ಆಗ ನಿಧಾನವಾಗಿ ಕೊಕ್ಕೊಂದು ಹೊರಬಂದು ಹಣ್ಣು ತೆಗೆದುಕೊಂಡಿತು. ನನಗೆ ಅಳುವೇ ಬಂತು.

ನಮ್ಮವರಿಗೆ ಖುಷಿ ತಡೆಯಲಾಗಲಿಲ್ಲ. "ನೋಡಿದ್ಯಾ, ನಮ್ಮ ಕಾವಲಿನ ಫಲ!" ಎಂದು ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಗಂಡು ಉಳಿದ ಹಣ್ಣನ್ನೆಲ್ಲ ಬಾಯಲ್ಲಿಟ್ಟುಕೊಂಡೇ ಹಾರಿಹೋಯಿತು.

"ನಾಳೇನೂ ಅಡುಗೆ ಇಲ್ಲ," ಎಂದೆ.