ಮಾತಿಲ್ಲದ ಹೂಗಳು

ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವ ಆ ಸೇವಾಸಂಸ್ಥೆಯನ್ನು ಕಟ್ಟಿದವರು ಮಾವ. ಅವರಿಗೂ ಕಣ್ಣು ಕಾಣದು. ಸಂಸ್ಥೆಗೊಂದು ಜಾಲತಾಣ ಮಾಡಿಕೊಟ್ಟವಳು ಹಿರಿಸೊಸೆ. ಪರದೆಯ ಮೇಲಿನದನ್ನೆಲ್ಲ ಓದಿ ಹೇಳುವ ಯಂತ್ರದ ದನಿಗೆ ಚಿತ್ರ ಮಾತ್ರ ತಿಳಿಯದು. ಚಿತ್ರದ ಹಿಂದೆ ಯಾರಾದರೂ ನಾಲ್ಕು ಮಾತು ಬರೆದಿಟ್ಟಿದ್ದರೆ ಅದನ್ನು ಓದೀತು. ಹಿರಿಸೊಸೆ ಅಂಚಿನ ಬಳ್ಳಿ, ಮೂಲೆಯ ಹೂವು ಯಾವುದನ್ನೂ ಬಿಡದೆ ಬರೆದಿದ್ದಳು. ದೇವರು ಕೊಡದ್ದನ್ನು ನಾನಾದರೂ ಕೊಡುತ್ತಿದ್ದೇನೆ ಎಂಬ ಭಾವ ಅವಳದು. ಅವಳ ಪಾಲಿಗೆ ಅದೂ ಒಂದು ಪೂಜೆ.

ಈಗ ಆ ಜಾಲತಾಣವನ್ನು ಹೊಸದಾಗಿ ಕಟ್ಟುವ ಕೆಲಸ ಕಿರಿಸೊಸೆಯ ಪಾಲಾಯಿತು. ಒಪ್ಪಿಸಿದವರು ಮಾವನೇ. ಹಿರಿಯವಳು ಮೇಲೆ ನಕ್ಕಳು. ಒಳಗೆ ಹೊಟ್ಟೆಗೆ ಕಿಚ್ಚು ಬಿತ್ತು. ಇಬ್ಬರೂ ಕೂರುವುದು ಒಂದೇ ಮೇಜಿಗೆ. ಕಿರಿಯವಳು ಬಣ್ಣ ಹೇಗಿದೆ ಅಕ್ಕ ಎಂದು ಕೇಳಿದರೆ, ಚೆನ್ನಾಗಿಲ್ಲ ಎನ್ನಲು ಬಾಯಿ ಬಾರದೆ, ಚೆನ್ನಾಗಿದೆ ಎನ್ನಲು ಮನಸ್ಸು ಬಾರದೆ, ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಕಿರಿಯವಳು ಊಟಕ್ಕೆ ಎದ್ದಾಗ ಹಿರಿಯವಳು ಅವಳ ಪರದೆಯನ್ನು ಇಣುಕಿ ನೋಡಿದಳು. ಚಿತ್ರಗಳ ಹಿಂದೆ ಒಂದಕ್ಷರವಿಲ್ಲ. ಹೂವೆಲ್ಲ ಮೂಕ. ಹಾಲು ಕುಡಿದಷ್ಟು ಸಂತೋಷವಾಯಿತು. ಹೇಳಬೇಕಿತ್ತು, ಹೇಳಲಿಲ್ಲ. ಸಂಜೆ ಕೈಮುಗಿದು ನಿಂತಾಗ, ನಾನೇನು ಅವಳಿಗೆ ಕೆಡುಕು ಮಾಡಲಿಲ್ಲವಲ್ಲ ಸ್ವಾಮಿ, ಸುಮ್ಮನಿದ್ದೇನೆ ಅಷ್ಟೇ ಎಂದು ದೇವರಿಗೇ ಸಮಜಾಯಿಷಿ ಕೊಟ್ಟಳು. ದೇವರೂ ಸುಮ್ಮನಿದ್ದ.

ಹೊಸ ಜಾಲತಾಣದ ಪರೀಕ್ಷೆಯ ದಿನ ಮಾವ ಕುರ್ಚಿ ಎಳೆದುಕೊಂಡು ಕೂತು, ಕೀಲಿ ಒತ್ತುತ್ತ ಕಿವಿಗೊಟ್ಟರು. ಹಿರಿಯವಳು ಸದ್ದಿಲ್ಲದೆ ಬಂದು ಬಾಗಿಲಲ್ಲಿ ನಿಂತಳು. ಯಂತ್ರದ ದನಿ ಸಂಸ್ಥೆಯ ಹೆಸರು ಹೇಳಿತು, ತರಗತಿಯ ಸಮಯ ಹೇಳಿತು, ಸೇರುವವರು ಇಲ್ಲಿ ಒತ್ತಿ ಎಂದಿತು.

"ಇಷ್ಟು ಬೇಗ ಬಂದ್ಬಿಟ್ಟೆನಾ?" ಎಂದರು ಮಾವ. "ದಾರೀಲಿ ಒಂದು ಹೂವೂ ಅಡ್ಡ ಬರ್ಲಿಲ್ವಲ್ಲಮ್ಮ."

ಅಲಂಕಾರದ್ದನ್ನೆಲ್ಲ ಬೇಕೆಂದೇ ಖಾಲಿ ಬಿಟ್ಟಿದ್ದೇನೆ, ದನಿ ಅದನ್ನು ದಾಟಿಕೊಂಡು ಹೋಗುತ್ತದೆ ಎಂದಳು ಕಿರಿಸೊಸೆ. ಮಾವ ಮನಸಾರೆ ನಕ್ಕರು. ಹಳೆಯದರಲ್ಲಿ ಫೋನ್ ನಂಬರಿಗೆ ಬಂದವರೂ ಮೊದಲು ಹೂವು ಬಳ್ಳಿಯ ತೋಟವೆಲ್ಲ ಸುತ್ತಬೇಕಿತ್ತು. ದೊಡ್ಡವಳು ಅಷ್ಟು ಭಕ್ತಿಯಿಂದ ಬರೆದದ್ದು, ಹೇಗೆ ಹೇಳಲಿ ಅಂತ ಬಾಯಿ ಮುಚ್ಚಿಕೊಂಡಿದ್ದೆ ಎಂದರು.

ಬಾಗಿಲಲ್ಲಿದ್ದವಳಿಗೆ ಅಳುವಿಗಿಂತ ಮೊದಲು ಹಟ ಬಂತು. ಒಂದಾದರೂ ತಪ್ಪು ಸಿಕ್ಕೀತೇ ಎಂದು ಕಣ್ಣು ಪರದೆಯನ್ನು ತಡಕಿತು. ಸಿಕ್ಕಿತು: ಕಿರಿಯವಳು ಕಪಾಟಿನಿಂದ ತೆಗೆದು ಹೊಸದಾಗಿ ಹಾಕಿದ, ಸಂಸ್ಥೆಯ ಮೊಟ್ಟಮೊದಲ ತರಗತಿಯ ಫೋಟೊ. ದನಿ ಅದನ್ನೂ ಓದಿರಲಿಲ್ಲ.

"ಮೊದಲನೇ ತರಗತಿ ಫೋಟೊನೂ ಮೂಕವೇ ಮಾವ. ಅದನ್ನೂ ದಾಟ್ಕೊಂಡೇ ಹೋಗ್ಬೇಕಾ?"

ಕಿರಿಯವಳ ಮುಖ ಸಣ್ಣಗಾಯಿತು. "ಅದು ನನ್ನ ತಪ್ಪೇ ಅಕ್ಕ. ಅದರಲ್ಲಿ ಮಾವನ್ನ ಬಿಟ್ರೆ ಯಾರೂ ನನಗೆ ಗೊತ್ತಿಲ್ಲ. ಕೇಳೋಣ ಅಂದ್ರೆ ನೀವು ಎದ್ದು ಹೋಗ್ಬಿಡ್ತಿದ್ರಿ. ಈಗ ಹೇಳ್ತೀರಾ?"

ಮಾವ ಬಾಗಿಲಿನತ್ತ ಮುಖ ತಿರುಗಿಸಿ ಕಾದರು. ಹಿರಿಯವಳು ಹತ್ತಿರ ಬಂದಳು. ಕಿಚ್ಚು ಆರಿರಲಿಲ್ಲ, ಕೀಲಿಗಳ ಮೇಲೆ ಆಗಲೇ ಸಿದ್ಧವಾಗಿದ್ದ ಕಿರಿಯವಳ ಚುರುಕು ಬೆರಳುಗಳು ಕಣ್ಣಿಗೆ ಚುಚ್ಚಿದವು.

"ಬರ್ಕೋ," ಎಂದಳು. "ಮೊದಲನೇ ತರಗತಿ. ಮಧ್ಯದಲ್ಲಿ ಮಾವ. ಸುತ್ತ ವಿದ್ಯಾರ್ಥಿಗಳು, ಎಲ್ಲರ ಕೈಯೂ ಒಂದೇ ಕಂಪ್ಯೂಟರ್ ಮೇಲೆ."

ಫೋಟೊದಲ್ಲಿ ಕಿಟಕಿಯ ಪರದೆ ಹಸಿರು ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಸಾಕು ಎಂದಳು.