ಖಾಲಿ ಬಟ್ಟಲದ ಸಪ್ಪಳ

ತಂಬಾಕದ ವಖಾರಿಯೊಳಗ ಬೆಳೆಯೋ ಕೂಸು ಮೊದಲ ಸೀನತೈತಿ, ಆಮ್ಯಾಲೆ ಅವ್ವಾ ಅಂತೈತಿ. ಇದು ನಮ್ಮ ನಿಪ್ಪಾಣಿ ಕಡೆ ಹೆಣಮಕ್ಕಳ ಚ್ಯಾಷ್ಟಿ ಮಾತು. ನಗತೀವಿ ಖರೆ, ನಕ್ಕೊಂತ ಕೆಮ್ಮತೀವಿ.

ನಾ ಕೆಂಪವ್ವ, ಕಬ್ಬೂರಾಕಿ. ಮದವಿ ಆಗಿ ಬಂದಾಗಿಂದ ಇದೇ ವಖಾರ್ಯಾಗ ಜರಡಿ ಹಿಡದು ತಂಬಾಕದ ಪುಡಿ ಸೋಸಿದೆ. ಕಡೀಕ ಎದಿ ಗೊರಗೊರ ಅನ್ನಾಕ ಹತ್ತಿತು. ವಖಾರಿ ನೋಡ್ಕೊಳ್ಳೋ ದಿವಾನಜಿ ನಾಮದೇವ ಅಂದ, "ಮುದುಕಿ, ಇನ್ನ ನಿನ್ನ ಕೈಲೆ ನೀಗೂದಿಲ್ಲ. ಮನಿಗೆ ನಡಿ."

ಅಷ್ಟರಾಗ ಮ್ಯಾಲಿಂದ ಹುಕುಮ ಬಂತು. ಹೆಣ್ಣಾಳು ದುಡಿಯೋ ಕಡೆ ಕೂಸಿನ ಖೋಲಿ ಇರಬೇಕಂತ. ಕೂಸು ಆಡಸಾಕ ಒಬ್ಬಾಕಿ ಬಾಯಿ, ಅಂದ್ರ ಆಯಾ, ಇರಬೇಕಂತ. ಇರಲಿಲ್ಲಂದ್ರ ವಖಾರಿಗೆ ಬೀಗ ಬೀಳತೈತಂತ. ಸಾವ್ಕಾರ ಅತ್ತಾಗ ಇತ್ತಾಗ ನೋಡಿದ. ಕೆಲಸಕ್ಕ ಬಾರದಾಕಿ ನಾನೇ ಕಂಡೆ. "ಕೆಂಪವ್ವಾ, ನಾಳಿಂದ ನೀ ಕೂಸಿನ ಬಾಯಿ" ಅಂದ.

ಅಲ್ಪಗ ಐಶ್ವರ್ಯ ಬಂದ್ರ ಅರ್ಧರಾತ್ರ್ಯಾಗ ಕೊಡಿ ಹಿಡದಿದ್ದನಂತ. ನಾ ಕೊಡಿ ಅಷ್ಟ ಹಿಡೀಲಿಲ್ಲ. ಉಳಕಿದ್ದೆಲ್ಲಾ ಮಾಡಿದೆ. ಸೀರಿ ಸೆರಗ ಪಿನ್ನ ಹಾಕಿ ಕಟ್ಟಿದೆ. ಸಂತ್ಯಾಗ ಯಾರರೆ "ಎಲ್ಲಿ ಕೆಲಸ?" ಅಂದ್ರ "ಕೂಸಿನ ಸಾಲ್ಯಾಗ ಟೀಚರ್" ಅಂತಿದ್ದೆ. ಸಹಿ ಮಾಡಾಕ ಹೆಬ್ಬಟ್ಟಿಗೆ ಮಸಿ ಹಚ್ಚಕೊಳ್ಳೋ ಟೀಚರ್ ನಾ.

ಚಿಕ್ಕೋಡಿಗೆ ತರಬೇತಿಗೂ ಕಳಿಸಿದ್ರು. ಅಲ್ಲೊಬ್ಬಾಕಿ ಹುಡುಗಿ ಪ್ಲಾಸ್ಟಿಕ್ ಗೊಂಬಿ ಮೇಜಿನ ಮ್ಯಾಲೆ ಬೋರಲ ಹಾಕಿ ಹೇಳಿಕೊಟ್ಟಳು. ಸಣ್ಣ ಕೂಸಿಗೆ ಹೊಟ್ಟಿ ಮ್ಯಾಲೆ ಹಾಕಿ ಆಡಸಬೇಕು. ಕನ್ನಡಿ ತೋರಸಬೇಕು. ಕೂಡಾಕ ಬರೋ ಕೂಸಿಗೆ ಸಪ್ಪಳ ಮಾಡೋ ಸಾಮಾನು ಕೊಡಬೇಕು. ಅಂಬಿಗಾಲ ಇಡೋ ಕೂಸಿಗೆ ದೂರ ಏನರೆ ಇಟ್ಟು ಕರೀಬೇಕು. "ಇವತ್ತು ಯಾವ ಕೂಸಿಗೆ ಯಾವ ಆಟ ಅನ್ನೋದನ್ನ ಮೊದಲೇ ಯೋಚನೆ ಮಾಡಿ ಇಟ್ಕೊಳ್ರಿ ಅಮ್ಮಾ" ಅಂದಳು. ನಾ ಹಡದಾಕಿ, ಮೊಮ್ಮಕ್ಕಳನ್ನ ಆಡಿಸಿದಾಕಿ. ಯಾವ ಕೂಸಿಗೂ "ಯಪ್ಪಾ, ಇವತ್ತಿನ ಕಾರ್ಯಕ್ರಮ ಏನು?" ಅಂತ ಕೇಳಿದ್ದಿಲ್ಲ. ಆದ್ರ ಮನಸಿಗೆ ಬಂತು ನೋಡ್ರಿ. ಬಸ್ಸಿನಾಗ ಬರೂವಾಗ ಬರೇ ಅದೇ ಯೋಚನಿ.

ಖೋಲಿಗೆ ಬಣ್ಣ ಹಚ್ಚಿದ್ರು. ಗ್ವಾಡಿ ಮ್ಯಾಲೆ ಗಿಳಿ, ಆನಿ, ರೈಲು. ಗಾಜಿನ ಕಪಾಟಿನ ತುಂಬ ಆಟಗಿ ಸಾಮಾನು. ಕಪಾಟಿಗೊಂದು ಕೀಲಿ, ಖೋಲಿಗೊಂದು ಕೀಲಿ. ಎರಡೂ ನಾಮದೇವನ ಕಿಸೆದಾಗ.

"ದಿವಾನಜಿ, ಕೂಸುಗೊಳನ್ನ ಎಲ್ಲಿ ಆಡಸಲಿ?"

"ಸದ್ಯ ಬಾರದಾನ ಖೋಲ್ಯಾಗ ಇಟಗೊ. ತಪಾಸಣಿ ಆಗಲಿ. ಈಗ ಬಿಟ್ರ ಹೊಲಸ ಮಾಡತಾವು."

ಬಾರದಾನ ಖೋಲಿ ಅಂದ್ರ ತಂಬಾಕ ತುಂಬೋ ಹಳೇ ಗೋಣಿಚೀಲದ ಖೋಲಿ. ಬಣ್ಣದ ಖೋಲಿಗೆ ಹತ್ತಿಕೊಂಡೇ ಐತಿ, ನಡುವ ಒಂದು ಬಾಗಲಾ, ಅದಕ್ಕೂ ಅದೇ ಕೀಲಿ, ಮುಂದೊಂದು ಪರದೆ. ಒಂದು ಚೀಲ ಝಾಡಿಸಿದ್ರ ಕೂಸಿನ ಮುಖ ಕಾಣೂದಿಲ್ಲ. ಅಲ್ಲೇ ನಾ ಟೀಚರ್ಕಿ ಮಾಡಿದೆ.

ಅದರಾಗ ಸರ್ವರಬಿ ಕೂಸು ಅರ್ಶಿಯಾಂದೇ ನನಗ ಚಿಂತಿ. ಆಗಷ್ಟ ಅಂಬಿಗಾಲ ಇಡಾಕ ಹತ್ತಿತ್ತು. ಕೆಮ್ಮಾಕ ಹತ್ತಿದ್ರ ತುಟಿ ನೀಲಿ ಆಗತಿತ್ತು. ದವಾಖಾನ್ಯಾಗ ಡಾಕ್ಟರ್ ಸಾಫ ಹೇಳಿದ್ದ, "ಈ ಧೂಳಿನಾಗಿಂದ ಕೂಸನ್ನ ಹೊರಗ ತೆಗೀ, ಇಲ್ಲಂದ್ರ ಕೂಸು ಕೈಗೆ ಹತ್ತೂದಿಲ್ಲ." ಸರ್ವರಬಿ ಜರಡಿ ಬಿಟ್ರ ಒಲಿ ಹತ್ತೂದಿಲ್ಲ. ಕೂಸು ಬಿಟ್ಟು ಬರಾಕ ಮನ್ಯಾಗ ಯಾರೂ ಇಲ್ಲ.

"ಕೆಂಪಕ್ಕಾ, ಆ ಖೋಲಿ ಯಾವಾಗ ತೆರಿತಾರ?" ದಿನಾ ಕೇಳಾಕಿ.

"ತೆರಿತಾರ ಬೇ. ನಾ ಅದೇನಲಾ!" ಅಂತಿದ್ದೆ. ನಾ ಇದ್ದು ಏನ ಕಿಸಿದೆ ಅಂತ ಆಕಿ ಕೇಳಲಿಲ್ಲ, ಅದು ಆಕಿ ದೊಡ್ಡಗುಣ.

ಆಟಗಿ ಸಾಮಾನು ಗಾಜಿನಾಗ. ನನ್ನ ಕೈಯಾಗ ಏನೈತಿ? ಒಂದು ಸ್ಟೀಲ ಬಟ್ಟಲ, ಒಂದು ಚಮಚ. ನಮ್ಮಪ್ಪ, ಮಾಳಸಿದ್ದ ಅಂತ ಹೆಸರು, ಕುರಿ ಕಾಯಾಂವ. ತಾಯಿ ಸತ್ತ ಕುರಿಮರಿಗೆ ಹಾಲು ಕುಡಸಾಕ ಬಟ್ಟಲ ಬಾರಿಸಿ ಕರೀತಿದ್ದ. ಟಿಣ್ ಟಿಣ್ ಅಂದ್ರ ಸಾಕು, ಮರಿ ಹಿಂಡಿನಾಗಿಂದ ಓಡಿ ಬರತಿತ್ತು. ನಾನೂ ಹಂಗ ಮಾಡಿದೆ. ಮೆತ್ತಗ ಕಲಸಿದ ಹಾಲು ಅನ್ನ ಬಟ್ಟಲದಾಗ ಹಾಕಿ ಬಾರಿಸೋದು. ಅರ್ಶಿಯಾ ಚೀಲದ ಸಂದಿಯಾಗಿಂದ ಅಂಬಿಗಾಲಲೆ ಬರೋದು. ಒಂದ ತುತ್ತು ಬಾಯಾಗ. ಇದೇ ನಮ್ಮ ಚಟುವಟಿಕಿ. ಚಿಕ್ಕೋಡಿಯಾಕಿ ಪ್ಲಾಸ್ಟಿಕ್ ಗೊಂಬಿಕಿಂತ ನನ್ನ ಶಿಷ್ಯಾಳು ಶಾಣ್ಯಾಕಿ ಅಂತ ಎದಿ ಉಬ್ಬಿಸಿಕೊಂಡು ತಿರಗತಿದ್ದೆ.

ನಮ್ಮಪ್ಪ ಇನ್ನೊಂದು ಮಾತ ಹೇಳತಿದ್ದ. ಮರಿಗೆ ಖಾಲಿ ಬಟ್ಟಲ ಬಾರಸಬ್ಯಾಡ. ಮೋಸ ಹೋದ ಮರಿ ಮತ್ತ ಕರದ್ರ ಬರೂದಿಲ್ಲ. ಅದನ್ನ ನಾ ಮರತಿದ್ದೆ. ಟೀಚರ್ ಆದ ಮ್ಯಾಲೆ ಕುರಿ ಕಾಯಾವನ ಮಾತು ಯಾಕ ನೆನಪ ಇಟಗೋತೀನಿ?

ತಪಾಸಣಿ ದಿನ ಬಂತು. ಮುಂಜಾನೆ ಬಣ್ಣದ ಖೋಲಿ ತೆರೆದ್ರು. ಕಪಾಟ ತೆರೆದ್ರು, ನಾ ಅತ್ತಿಂದಿತ್ತ ಓಡ್ಯಾಡಾಕ ನಡುವಿನ ಬಾಗಲಾನೂ ತೆರೆದ್ರು. ಆಮ್ಯಾಲೆ ಸಾವ್ಕಾರನ ಕಾರಿನಾಗಿಂದ ಆತನ ಮೊಮ್ಮಗ ಇಳದ. ಪೌಡರ್ ಹಚ್ಚಿ, ಕಣ್ಣಿಗೆ ಕಾಡಿಗಿ ಹಚ್ಚಿ ತಂದಿದ್ರು. ಕೂಸಂದ್ರ ಬೆಣ್ಣಿ ಮುದ್ದಿ.

"ಇದೇ ಇವತ್ತ ನಿನ್ನ ಕೂಸು" ಅಂದ ನಾಮದೇವ.

"ನಮ್ಮ ಕೂಸುಗೊಳು?"

"ಅವು ಕೆಮ್ಮತಾವು. ಮೂಗ ಸುರಸತಾವು. ಬಾರದಾನ ಖೋಲ್ಯಾಗ ಮಲಗಸು. ಪರದೆ ಎಳಿ. ಸಪ್ಪಳ ಬಂತಂದ್ರ ನೋಡ ಮತ್ತ."

ನಾ ಏನ ಮಾಡಬೇಕಿತ್ತು? ಉಗುಳಬೇಕಿತ್ತು. ನಾ ಏನ ಮಾಡಿದೆ? "ಹೂಂನ್ರಿ" ಅಂದೆ. ಸರ್ವರಬಿಗೆ "ಇವತ್ತೊಂದು ದಿನ ಸುಮ್ನಿರು, ನಾಳಿ ಖೋಲಿ ನಮ್ಮದ" ಅಂತ ಪುಸಲಾಯಿಸಿದೆ. ಕೂಸುಗೊಳಿಗೆ ಹೊಟ್ಟಿ ತುಂಬ ಉಣಿಸಿ ಮಲಗಸಿದೆ. ವಖಾರ್ಯಾಗ ಅಂಬಿಗಾಲ ಕೂಸಿನ ಕಾಲಿಗೆ ಹಳೇ ಸೀರಿ ಚಿಂದಿ ಕಟ್ಟಿ ತುಂಬಿದ ಚೀಲಕ್ಕ ಬಿಗಿಯೂದು ನಮ್ಮ ರೂಢಿ. ಅವತ್ತ ಅವಸರದಾಗ ಅರ್ಶಿಯಾನ ಕಾಲು ಒಂದು ಖಾಲಿ ಎಣ್ಣಿ ಡಬ್ಬಿಗೆ ಕಟ್ಟಿದೆ. ಟೀಚರ್ ಬುದ್ಧಿ ಅಂದ್ರ ಇದು.

ತಪಾಸಣಿ ಮಾಡೋ ಮ್ಯಾಡಮ್ ಬೆಳಗಾವಿಯಿಂದ ಬಂದ್ರು. ಗ್ವಾಡಿ ಗಿಳಿ ನೋಡಿದ್ರು, ಕಪಾಟ ನೋಡಿದ್ರು, ಬೆಣ್ಣಿ ಮುದ್ದಿ ನೋಡಿದ್ರು.

"ಅಮ್ಮಾ, ಇವತ್ತು ಈ ಮಗುವಿಗೆ ಏನು ಚಟುವಟಿಕೆ ಯೋಜನೆ ಮಾಡಿದ್ದೀರಿ?"

ಕನ್ನಡಿ ಹಿಡದೆ. ಸಾವ್ಕಾರನ ಮೊಮ್ಮಗ ಮಾರಿ ತಿರುವಿದ. ಚೆಂಡು ಉಳ್ಳಿಸಿದೆ. ನಾಮದೇವನ ಕೈಯಾಗಿನ ಮೊಬೈಲ ಕಡೆ ಕೈ ಮಾಡಿ ಹೋ ಅಂತ ಚೀರಿದ. ಬೋರಲ ಹಾಕಿದೆ. ನನ್ನ ಹೊಸಾ ಸೀರಿ ತೋಯಿಸಿದ. ಸಾವ್ಕಾರ ಹಲ್ಲ ಕಿಸದ, ನಾಮದೇವ ಹಲ್ಲ ಕಡದ.

ಮ್ಯಾಡಮ್ಮಗ ನನ್ನ ಮ್ಯಾಲೆ ಕನಿಕರ ಬಂತೇನೋ. "ಇರಲಿ ಬಿಡಿ ಅಮ್ಮಾ. ನೀವೇ ಸ್ವಂತ ಯೋಚನೆ ಮಾಡಿದ ಆಟ ಏನಾದ್ರೂ ಇದೆಯಾ?"

ನೀ ಏನ ಯೋಚನಿ ಮಾಡಿದಿ ಅಂತ ಈ ಜನ್ಮದಾಗ ನನ್ನ ಯಾರೂ ಕೇಳಿದ್ದಿಲ್ಲ. ನನ್ನ ತಲಿ ತಿರಗಿ ಹೋತು. "ಐತ್ರೀ ಮ್ಯಾಡಮ್!" ಅಂದೆ. ಮೂಲ್ಯಾಗಿದ್ದ ಬಟ್ಟಲ ತಗೊಂಡೆ. ಬಾರಿಸಿದೆ. ಟಿಣ್ ಟಿಣ್.

ಮೊಮ್ಮಗ ಮಿಸುಕಲಿಲ್ಲ. ಇನ್ನೂ ಜೋರ ಬಾರಿಸಿದೆ.

ಪರದೆ ಹಿಂದಿಂದ ಸಪ್ಪಳ ಬಂತು. ಡಬ್. ಡಬ್. ಡಬಡಬ. ನಾಮದೇವನ ಮಾರಿ ಸುಣ್ಣ ಆತು. ಪರದೆ ಕೆಳಗಿಂದ ಮೊದಲ ಒಂದು ಸಣ್ಣ ಕೈ, ಆಮ್ಯಾಲೆ ತಂಬಾಕದ ಪುಡಿ ಮೆತ್ತಿದ ತಲಿ. ಅರ್ಶಿಯಾ ಬಂದಳು. ಕಾಲಿಗೆ ಚಿಂದಿ, ಚಿಂದಿಗೆ ಡಬ್ಬಿ. ಡಬ್ಬಿ ಎಳಕೊಂತ, ಸೀನಕೊಂತ, ನಗಕೊಂತ ಬಂದಳು.

"ಇದು ಯಾರ ಮಗು?" ಮ್ಯಾಡಮ್ ಕೇಳಿದ್ರು.

"ಯಾರೋ ಭಿಕಾರಿದ್ರಿ ಮ್ಯಾಡಮ್. ಹಾದ್ಯಾಗಿಂದ ಒಳಗ ಹೊಕ್ಕೈತಿ" ಅಂದ ನಾಮದೇವ.

ನಾ ಬಾಯಿ ಮುಚ್ಚಿಕೊಂಡು ನಿಂತೆ. ಹೌದ್ರಿ, ನಿಂತೆ. ಪಿನ್ನ ಹಾಕಿದ ಸೆರಗ ಹಿಡಕೊಂಡು ನಿಂತೆ. ಕೂಸು ನನ್ನ ಕಾಲ ತನಕ ಬಂತು, ಸೀರಿ ಹಿಡದು ಎದ್ದು ನಿಂತು ಬಾಯಿ ತೆರೀತು. ಇಳಿಬಿಟ್ಟ ನನ್ನ ಕೈಯಾಗಿನ ಬಟ್ಟಲದಾಗ ಹಣಿಕಿ ಹಾಕಿತು. ಏನೂ ಇರಲಿಲ್ಲ. ಬಟ್ಟಲ ನೋಡಿತು, ನನ್ನ ಮುಖ ನೋಡಿತು. ಅತ್ತಿದ್ರ ಬೇಸಿತ್ತು. ಅದು ಅಳಲಿಲ್ಲ. ತೆರೆದ ಬಾಯಿ ಸಾವಕಾಶ ಮುಚ್ಚಿಕೊಂಡಿತು.

ಖಾಲಿ ಬಟ್ಟಲ ಬಾರಿಸಿದ್ದೆ ನಾ. ನಮ್ಮಪ್ಪ ಇದ್ದಿದ್ರ ಕೋಲು ತಗೊಂಡು ಬಡೀತಿದ್ದ.

"ಭಿಕಾರಿದಲ್ರಿ!" ಒದರಿದೆ. "ನಮ್ಮ ಕೂಸರಿ. ಜರಡಿ ಹಿಡಿಯೋ ಸರ್ವರಬಿ ಮಗಳ್ರಿ. ಆ ಪೌಡರ್ ಹಚ್ಚಿದ್ದು ಸಾವ್ಕಾರನ ಮೊಮ್ಮಗ. ಇವತ್ತಷ್ಟ ತಂದಾರ. ನಮ್ಮವೆಲ್ಲಾ ಈ ಪರದೆ ಹಿಂದ ಅದಾವ, ಬರ್ರಿ, ನೋಡ್ರಿ!"

ಪರದೆ ಜಗ್ಗಿದೆ. ಧೂಳು ಎದ್ದಿತು. ಎಚ್ಚರಾದ ಕೂಸುಗೊಳೆಲ್ಲಾ ಕೆಮ್ಮಾಕ ಹತ್ತಿದುವು. ಮ್ಯಾಡಮ್ ಮೂಗಿಗೆ ಸೆರಗ ಹಿಡಕೊಂಡು ಒಳಗ ನೋಡಿದ್ರು. ಅವರ ಕಣ್ಣಾಗ ನೀರ ಬಂತು. ಸಂಕಟಕ್ಕ ಬಂತೋ ತಂಬಾಕಕ್ಕ ಬಂತೋ, ನಾ ಹೆಂಗ ಹೇಳಲಿ. ಸಾವ್ಕಾರ "ಒಳಗ ಬರ್ರಿ ಮ್ಯಾಡಮ್, ಚಹಾ ತಗೊಳ್ರಿ, ಎಲ್ಲಾ ತಿಳಿಸಿ ಹೇಳತೀನಿ" ಅಂತ ಆಫೀಸಿಗೆ ಕರಕೊಂಡು ಹೋದ. ಬಾಗಲಾ ಮುಚ್ಚಿತು. ಭಾಳ ಹೊತ್ತಿಗೆ ತೆರೀತು. ಮ್ಯಾಡಮ್ ನನ್ನ ಕಡೆ ನೋಡಲಾರದ ಗಾಡಿ ಹತ್ತಿದ್ರು.

ಮರುದಿನ ಬಣ್ಣದ ಖೋಲಿಗೆ ಮತ್ತ ಕೀಲಿ. "ಮುದುಕಿ, ನಿನ್ನ ಟೀಚರ್ಕಿ ಮುಗೀತು. ನಡಿ" ಅಂದ ನಾಮದೇವ.

ಬಟ್ಟಲ ಚಮಚ ಸೆರಗಿನಾಗ ಕಟಗೊಂಡು ಹೊಂಟೆ. ಸರ್ವರಬಿ ಅಡ್ಡ ಬಂದಳು. ಖಾಲಿ ಬಟ್ಟಲ ಬಾರಿಸಿದ್ದು, ನಮ್ಮಪ್ಪ ಹೇಳಿದ್ದು, ಎಲ್ಲಾ ಹಿಂದಿನ ಸಂಜಿಕ ಆಕಿ ಮುಂದ ಹೇಳಿಕೊಂಡಿದ್ದೆ; ಬೈತಾಳ ಅಂದಕೊಂಡೆ. ಬೈಸಿಕೊಳ್ಳಾಕ ತಯಾರಾಗೇ ಇದ್ದೆ.

"ಎಲ್ಲಿಗೆ ಹೊಂಟಿ ಕೆಂಪಕ್ಕಾ? ಕುಂದ್ರು."

ಆಕಿ ಜರಡಿ ಬೋರಲ ಹಾಕಿ ಕೀಲಿ ಹಾಕಿದ ಬಾಗಲಾದ ಮುಂದ ಕೂತಳು, ತೊಡಿ ಮ್ಯಾಲೆ ಕೂಸು. ಆಕಿ ಹಿಂದ ಇನ್ನೊಬ್ಬಾಕಿ ಬಂದಳು. ಮತ್ತೊಬ್ಬಾಕಿ. ವಖಾರಿ ತುಂಬ ಜರಡಿ ಸಪ್ಪಳ ನಿಂತು ಹೋತು. ನಾ ಇಷ್ಟ ವರ್ಷ ದುಡದೆ, ಆ ಸಪ್ಪಳ ನಿಂತದ್ದು ಕೇಳಿದ್ದಿಲ್ಲ.

ಸಾವ್ಕಾರ ಓಡಿ ಬಂದ. ಹೊರಗ ಮಾಲು ಒಯ್ಯೋ ಲಾರಿ ನಿಂತಿತ್ತು. ಆತನ ದನಿ ಬೆಲ್ಲ ಆಗಿತ್ತು. "ಏಳ್ರೆವಾ, ಏಳ್ರಿ. ನಾ ಏನ ಕಟುಕ ಅದೇನಿ? ಇವತ್ತೊಂದು ದಿನ ಕೆಲಸ ಮಾಡ್ರಿ. ನಾಳಿಂದ ಖೋಲಿ ನಿಮ್ಮದ, ಆಟಗಿ ಸಾಮಾನು ನಿಮ್ಮದ. ಕೆಂಪವ್ವಾ, ನೀನೂ ಕೆಲಸಕ್ಕ ಬಾ."

ನಾ ಎದ್ದೆ ನೋಡ್ರಿ! ನಾಚಿಕಿ ಇಲ್ಲದ ಜನ್ಮ ನಂದು, ಅರ್ಧ ಎದ್ದಿದ್ದೆ. ಸರ್ವರಬಿ ಸೆರಗ ಜಗ್ಗಿ ಕುಂದರಸಿದಳು. ಸೆರಗಿನ ಗಂಟು ಬಿಚ್ಚಿ ಬಟ್ಟಲ ತಗದಳು. ಸಾವ್ಕಾರನ ಮುಂದ ಚಾಚಿ ಚಮಚಲೆ ಬಾರಿಸಿದಳು. ಟಿಣ್ ಟಿಣ್.

"ಖಾಲಿ ಬಟ್ಟಲಕ್ಕ ಇನ್ನ ನಾವು ಬರೂದಿಲ್ರಿ ಸಾವ್ಕಾರ" ಅಂದಳು. "ಖೋಲಿ ಕೀಲಿ ಇದರಾಗ ಹಾಕ್ರಿ. ಆಮ್ಯಾಲೆ ಏಳತೀವಿ."

ನಾಮದೇವನ ಕೈ ಕಿಸೆ ತನಕ ಹೋತು. ಸಾವ್ಕಾರ ಆತನ ಕಡೆ ಕಣ್ಣ ಕೆಕ್ಕರಿಸಿದ. ಕೈ ಅಲ್ಲೇ ನಿಂತಿತು. ಹೊರಗ ಲಾರಿಯಾಂವ ಹಾರನ್ ಹೊಡದ. ಯಾರೂ ಏಳಲಿಲ್ಲ. ಅರ್ಶಿಯಾ ತೊಡಿಯಿಂದ ಇಳದು, ಆ ಬಟ್ಟಲದಾಗ ಏನರೆ ಬಿತ್ತೇನ ಅಂತ ಹಣಿಕಿ ಹಾಕಿದಳು.

ಈ ಸಲ ನಾ ಕುಂತೇ ಇದ್ದೆ.